ಪಾವಗಡ ಮತ್ತು ಮಡಕಶಿರಾ: ಭಾಷೆ ಕೇಳದೆ ಎಳೆದ ಗಡಿ

ಕರ್ನಾಟಕದ ಭೂಪಟದಲ್ಲಿ ತುಮಕೂರು ಜಿಲ್ಲೆಯ ಅಂಚಿನ ಮೇಲೆ ಬೆರಳಿಟ್ಟು ಒಂದು ಸುತ್ತು ಬನ್ನಿ. ಸುತ್ತು ಮುಗಿದ ಮೇಲೂ ಜಿಲ್ಲೆಯ ಒಂದು ತಾಲ್ಲೂಕು ಹೊರಗೇ ಉಳಿದಿರುತ್ತದೆ. ಅದು ಪಾವಗಡ. ಜಿಲ್ಲೆಯ ಉಳಿದ ಭಾಗಕ್ಕೂ ಪಾವಗಡಕ್ಕೂ ನಡುವೆ ಆಂಧ್ರಪ್ರದೇಶದ ನೆಲ ಬರುತ್ತದೆ. ತಾಲ್ಲೂಕಿನ ಸುತ್ತಲೂ ಹೆಚ್ಚುಕಡಿಮೆ ಆಂಧ್ರವೇ. ಪಶ್ಚಿಮದಲ್ಲಿ ಚಿತ್ರದುರ್ಗ ಜಿಲ್ಲೆಯ ಕಡೆಗಿರುವ ಕಿರಿದಾದ ಭೂಪಟ್ಟಿಯೊಂದೇ ಅದನ್ನು ಕರ್ನಾಟಕಕ್ಕೆ ಅಂಟಿಸಿಟ್ಟಿದೆ. ಮಧುಗಿರಿಯ ದಾರಿಯಾಗಿ ಜಿಲ್ಲಾಧಿಕಾರಿ ಕಚೇರಿಗೆ ಹೊರಟ ಪಾವಗಡದ ರೈತ ತನ್ನದೇ ಜಿಲ್ಲೆಯ ಕೇಂದ್ರ ತಲುಪಲು ಇನ್ನೊಂದು ರಾಜ್ಯವನ್ನು ಹಾದು ಬರಬೇಕು.

ಹಾಗೆ ಅಡ್ಡಬರುವ ಆಂಧ್ರದ ನೆಲ ಮಡಕಶಿರಾ ಸೀಮೆಯದು. ಅದರ ಅವಸ್ಥೆಯೂ ಇದೇ, ಆದರೆ ತಿರುವುಮುರುವು. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡ ಮಂಡಲಗಳು (ಮಂಡಲವೆಂದರೆ ಆಂಧ್ರದಲ್ಲಿ ತಾಲ್ಲೂಕಿನಂಥ ಆಡಳಿತ ಘಟಕ) ಶಿರಾ, ಹಿರಿಯೂರು, ಮಧುಗಿರಿ ತಾಲ್ಲೂಕುಗಳ ನಡುವೆ ಕರ್ನಾಟಕದೊಳಕ್ಕೆ ಚಾಚಿಕೊಂಡಿವೆ. (ಈ ಗುಡಿಬಂಡ ಬೇರೆ, ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಬೇರೆ. ಹೊಸಬರು ಬಸ್ ಹತ್ತುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.) 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ ಈಗ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ಭೂಪಟದ ಈ ವಕ್ರತೆಗಿಂತ ದೊಡ್ಡ ಸೋಜಿಗ ಮನೆಗಳ ಒಳಗಿದೆ. ಕರ್ನಾಟಕದ ಪಾವಗಡದಲ್ಲಿ ಬಹುಪಾಲು ಮನೆಮಾತು ತೆಲುಗು. ಆಂಧ್ರದ ಈ ನಾಲ್ಕು ಮಂಡಲಗಳ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ಕನ್ನಡ. ಭಾಷಾವಾರು ಪ್ರಾಂತ್ಯ ಎಂಬ ತತ್ವದ ಮೇಲೆ ನಿಂತ ಎರಡು ರಾಜ್ಯಗಳ ನಡುವೆ ಭಾಷೆಯನ್ನೇ ಅದಲುಬದಲು ಮಾಡಿದ ಗೆರೆ ಹೇಗೆ ಬಂತು?

ಉತ್ತರಕ್ಕೆ 1956ಕ್ಕೆ ಹೋದರೆ ಸಾಲದು, 1799ಕ್ಕೆ ಹೋಗಬೇಕು. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಅವನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಒಂದು ಪಾಲು ಇಂಗ್ಲಿಷರಿಗೆ, ಒಂದು ಪಾಲು ಹೈದರಾಬಾದಿನ ನಿಜಾಮನಿಗೆ, ಉಳಿದದ್ದು ಮರಳಿ ಪಟ್ಟಕ್ಕೆ ಬಂದ ಮೈಸೂರಿನ ಒಡೆಯರಿಗೆ. ಹಂಚಿಕೆಯ ಮೇಜಿನ ಮೇಲಿದ್ದದ್ದು ಕಂದಾಯದ ಲೆಕ್ಕ. ಯಾವ ಕೋಟೆಗೆ ಸೇರಿದ ಸೀಮೆಯಿಂದ ಎಷ್ಟು ಹುಟ್ಟುವಳಿ, ಯಾರ ಪಾಲಿಗೆ ಎಷ್ಟು ಬಂದರೆ ಸರಿಹೊಂದುತ್ತದೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಪಾವಗಡ ಮೈಸೂರಿನ ಪಾಲಾಯಿತು. ಸುತ್ತಲಿನ ಪೆನುಕೊಂಡ, ಮಡಕಶಿರಾ, ಕಲ್ಯಾಣದುರ್ಗದ ಸೀಮೆಗಳು ನಿಜಾಮನ ಕಡೆಗೆ ಹೋದವು. ನಿಜಾಮ ಅವನ್ನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ತನ್ನ ರಕ್ಷಣೆಗೆ ಇಂಗ್ಲಿಷರು ಇರಿಸಿದ ಸೈನ್ಯದ ಖರ್ಚಿಗಾಗಿ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತೆಲುಗರು ಇಂದು ರಾಯಲಸೀಮೆ ಎನ್ನುವ ನಾಡಿನ ಬಹುಭಾಗ ಆಗ ಬಿಟ್ಟುಕೊಟ್ಟ ಜಿಲ್ಲೆಗಳೇ. ಥಾಮಸ್ ಮನ್ರೋ ಅವುಗಳ ಮುಖ್ಯ ಕಲೆಕ್ಟರ್ ಆಗಿ ಬಂದು 1807ರವರೆಗೆ ಇದ್ದ. ಒಬ್ಬೊಬ್ಬ ರೈತನಿಂದಲೂ ನೇರವಾಗಿ ಕಂದಾಯ ಪಡೆಯುವ ಅವನ ರೈತವಾರಿ ಲೆಕ್ಕಗಳು ಗಡಿಯ ಆ ಕಡೆ ಬೇರೂರಿದವು. ಈ ಕಡೆ ಮೈಸೂರಿನ ಕಂದಾಯ ಪದ್ಧತಿ ತನ್ನ ದಾರಿ ಹಿಡಿಯಿತು. ಹೀಗೆ ಮದರಾಸು ಪ್ರಾಂತ್ಯದ ನಡುವೆ ಮೈಸೂರಿನ ಒಂದು ತುಂಡು, ಮೈಸೂರಿನ ನಡುವೆ ಮದರಾಸಿನ ಒಂದು ತುಂಡು ನಿಂತುಬಿಟ್ಟವು.

ಅದಕ್ಕೆ ಮೊದಲು ಇವು ಬೇರೆ ಬೇರೆ ಸೀಮೆಗಳಾಗಿದ್ದವು ಎಂದುಕೊಂಡರೆ ತಪ್ಪು. ಅಮರಾಪುರ ಮಂಡಲದ ಹೇಮಾವತಿ ಈಗ ಒಂದು ಹಳ್ಳಿ. ಹಿಂದೆ ಅದು ಹೆಂಜೇರು, ನೊಳಂಬರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಶಾಸನಗಳು ಕರೆಯುವ ನಾಡನ್ನು ಆಳಿದವರು ಇಲ್ಲಿ ಕುಳಿತೇ ಆಳಿದರು. ಅಲ್ಲಿನ ಕಪ್ಪುಕಲ್ಲಿನ ಕಂಬಗಳ ಕುಸುರಿಯನ್ನು ನೋಡಲು ಚೆನ್ನೈ ಮ್ಯೂಸಿಯಂಗೂ ಹೋಗಬಹುದು, ಏಕೆಂದರೆ ಕೆಲವು ಅಲ್ಲಿಗೆ ಸೇರಿವೆ. ನೊಳಂಬರ ನಂತರ ಬಂದ ನಿಡುಗಲ್ಲಿನ ಚೋಳರು ತಮ್ಮನ್ನು ಕರಿಕಾಲ ಚೋಳನ ವಂಶದವರೆಂದೂ ಒರೆಯೂರಿನ ಒಡೆಯರೆಂದೂ ಹೇಳಿಕೊಂಡರು. ಒರೆಯೂರು ಇರುವುದು ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ಇವರು ಶಾಸನ ಬರೆಸಿದ್ದು ಕನ್ನಡದಲ್ಲಿ. ಆಳಿದ್ದು ಹೆಂಜೇರು ಮತ್ತು ನಿಡುಗಲ್ಲಿನಿಂದ. ಆ ಹೆಂಜೇರು ಈಗ ಆಂಧ್ರದಲ್ಲಿದೆ. ನಿಡುಗಲ್ಲು ಬೆಟ್ಟ ಪಾವಗಡ ತಾಲ್ಲೂಕಿನಲ್ಲಿದೆ, ಅದರ ಹೆಸರಿನ ಹೋಬಳಿಯೇ ಇದೆ. ಒಂದೇ ಮನೆತನದ ಎರಡು ಗದ್ದುಗೆಗಳು ಇಂದು ಎರಡು ರಾಜ್ಯಗಳಲ್ಲಿ ಹಂಚಿಹೋಗಿವೆ. ಮುಂದೆ 1565ರ ಯುದ್ಧದ ನಂತರ ವಿಜಯನಗರದ ಅರಸರು ನೆಲೆ ಬದಲಿಸಿದ್ದು ಹತ್ತಿರದ ಪೆನುಕೊಂಡಕ್ಕೆ. ವಿಜಯನಗರದ ಕಾಲದಲ್ಲಿ ಕನ್ನಡ, ತೆಲುಗು ಎರಡೂ ಆಳುವವರ ಭಾಷೆಗಳೇ. ಪಾಳೆಯಗಾರರು, ದಂಡಿನವರು, ಹೊಸ ನೆಲ ಹುಡುಕಿಕೊಂಡು ಹೊರಟ ಒಕ್ಕಲುಗಳು ಎರಡು ದಿಕ್ಕಿಗೂ ಓಡಾಡಿದ್ದರಿಂದ ಯಾವ ಊರಿನಲ್ಲಿ ಯಾವ ಮಾತು ನೆಲೆಯೂರಿತು ಎಂಬುದು ಬಂದವರ ಮೇಲೆ ನಿಂತಿತು. ಆಗ ಅದನ್ನು ಯಾರೂ ಸಮಸ್ಯೆ ಎನ್ನಲಿಲ್ಲ.

ಸಮಸ್ಯೆಯಾದದ್ದು ರಾಜ್ಯಕ್ಕೆ ಒಂದು ಭಾಷೆ ಎಂಬ ಎಣಿಕೆ ಬಂದ ಮೇಲೆ. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಆಂಧ್ರ ಬೇರೆಯಾದಾಗ ಬಳ್ಳಾರಿ ಜಿಲ್ಲೆಯನ್ನು ತಾಲ್ಲೂಕುವಾರು ಒಡೆದರು. ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆ ಉಪಚಾರ ಅನಂತಪುರಕ್ಕೆ ಸಿಗಲಿಲ್ಲ. ಜಿಲ್ಲೆ ಇಡಿಯಾಗಿ ಆಂಧ್ರಕ್ಕೆ ಸೇರಿತು, ಅದರೊಂದಿಗೆ ಮಡಕಶಿರಾದ ಕನ್ನಡಿಗರೂ ಸೇರಿದರು. ರಾಜ್ಯಗಳ ಪುನರ್ವಿಂಗಡಣೆಗೆ 1955ರಲ್ಲಿ ವರದಿ ಕೊಟ್ಟ ಫಜಲ್ ಅಲಿ ಆಯೋಗವೂ ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವಾಗಿ ಇಟ್ಟುಕೊಂಡಿತು. ಹಳ್ಳಿ ಹಳ್ಳಿಗೂ ಹೋಗಿ ಮನೆಮಾತು ಕೇಳುತ್ತಾ ಕುಳಿತರೆ ಗಡಿ ಎಂಬುದು ಗೆರೆಯಾಗಿ ಉಳಿಯುವುದಿಲ್ಲ, ಆಡಳಿತ ನಡೆಯುವುದಿಲ್ಲ ಎಂಬ ಆಲೋಚನೆ ಅದರ ಹಿಂದಿತ್ತು. ಆಲೋಚನೆ ತಪ್ಪೆಂದು ನನಗನ್ನಿಸುವುದಿಲ್ಲ. ಆದರೆ ಇಲ್ಲಿನ ಜಿಲ್ಲೆಗಳ ನಡುವಿನ ಗೆರೆಯೇ 1799ರ ಕಂದಾಯದ ಹಂಚಿಕೆಯಿಂದ ಹುಟ್ಟಿದ್ದು. ಹಳೆಯ ಲೆಕ್ಕಪುಸ್ತಕದ ಗೆರೆಯ ಮೇಲೆಯೇ ಹೊಸ ಭಾಷಾ ರಾಜ್ಯದ ಗೆರೆ ಎಳೆದಾಗ ಬಂದ ಫಲಿತಾಂಶವೇ ತೆಲುಗು ಮಾತಾಡುವ ಪಾವಗಡ, ಕನ್ನಡ ಮಾತಾಡುವ ಅಮರಾಪುರ.

ರಾಜ್ಯದೊಳಗೂ ಪಾವಗಡಕ್ಕೆ ಒಂದೇ ವಿಳಾಸವಿಲ್ಲ. ಕಂದಾಯಕ್ಕೆ ತುಮಕೂರು ಜಿಲ್ಲೆ. ಶಾಲೆಗಳಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಲೋಕಸಭೆಗೆ ಚಿತ್ರದುರ್ಗ ಕ್ಷೇತ್ರ. ನೆಲ ಅಂಟಿಕೊಂಡಿರುವುದು ಚಿತ್ರದುರ್ಗಕ್ಕೆ, ಅರ್ಜಿ ಹೋಗುವುದು ತುಮಕೂರಿಗೆ.

ಇನ್ನು ಭಾಷೆಯ ಮಾತು. ಪಾವಗಡದ ಮಗು ಮನೆಯಲ್ಲಿ ತೆಲುಗು ಕೇಳಿಕೊಂಡು ಬೆಳೆದು, ಅಂಗನವಾಡಿಗೋ ಒಂದನೇ ತರಗತಿಗೋ ಬಂದ ಮೇಲೆ ಕನ್ನಡದ ಅಕ್ಷರ ತಿದ್ದುತ್ತದೆ. ತೆಲುಗು ಅದಕ್ಕೆ ಮಾತಾಗಿ ಮಾತ್ರ ಗೊತ್ತು, ಬರಹವಾಗಿ ಅಲ್ಲ. ದೊಡ್ಡವನಾದ ಮೇಲೆ ತೆಲುಗು ಸಿನಿಮಾ ನೋಡುತ್ತಾನೆ, ತೆಲುಗಿನಲ್ಲಿ ಬೈಯುತ್ತಾನೆ, ಕನ್ನಡದಲ್ಲಿ ಅರ್ಜಿ ಬರೆಯುತ್ತಾನೆ. ಎರಡರ ಲಿಪಿಗಳೂ ಒಂದೇ ಮೂಲದವು, ಬೇರೆಯಾಗಿ ಕೆಲವೇ ಶತಮಾನಗಳಾಗಿವೆ. ಆದ್ದರಿಂದ ಬಸ್ಸಿನ ಬೋರ್ಡು ಯಾವ ಭಾಷೆಯಲ್ಲಿದ್ದರೂ ಊರಿನ ಹೆಸರು ಓದಿಕೊಳ್ಳುವುದು ಇಲ್ಲಿ ಯಾರಿಗೂ ಕಷ್ಟವಲ್ಲ. ಇಂಥ ಊರಿಗೆ ಬೆಂಗಳೂರಿನಿಂದ ಬಂದ ಅತಿಥಿ ‘ಇಲ್ಲಿ ಕನ್ನಡವೇ ಕೇಳಿಸುವುದಿಲ್ಲ’ ಎಂದು ನಿಟ್ಟುಸಿರಿಡುವುದುಂಟು. ಆ ನಿಟ್ಟುಸಿರಿನಲ್ಲಿ ಕಾಳಜಿಗಿಂತ ಅಜ್ಞಾನ ಹೆಚ್ಚು. ಮನೆಯಲ್ಲಿ ತೆಲುಗು ಆಡುವವರೇ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನು ತುಂಬಿಸಿ ಉಳಿಸಿದವರು.

ಆ ಕಡೆಯ ಮಕ್ಕಳ ಪಾಡು ಇನ್ನಷ್ಟು ಬಿಗಿ. ಆಂಧ್ರದ ಗಡಿ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅವಕಾಶ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. 1956ರ ಏಳನೇ ತಿದ್ದುಪಡಿ ಈ ವಿಧಿಯನ್ನು ಸೇರಿಸಿದ್ದೇ ಇಂಥ ಗಡಿಗಳು ಹುಟ್ಟುತ್ತವೆಂದು ಗೊತ್ತಿದ್ದುದರಿಂದ. ಆದರೆ ವಿಧಿ ಪಾಠ ಮಾಡುವುದಿಲ್ಲ. ಪಠ್ಯಪುಸ್ತಕ ಸಮಯಕ್ಕೆ ಬರಬೇಕು, ಕನ್ನಡ ಬಲ್ಲ ಶಿಕ್ಷಕರ ನೇಮಕವಾಗಬೇಕು, ಹತ್ತನೇ ತರಗತಿಯ ನಂತರ ದಾರಿ ಇರಬೇಕು. ಕನ್ನಡದಲ್ಲಿ ಓದಿದ ಹುಡುಗಿ ಮುಂದಿನ ಓದಿಗೆ ಶಿರಾ, ತುಮಕೂರಿನ ಕಡೆ ಬಂದರೆ ‘ನೀವು ಆಂಧ್ರದವರು, ಹೊರರಾಜ್ಯದವರು’. ಅನಂತಪುರದ ಕಡೆ ಹೋದರೆ ತೆಲುಗು ಓದಲು ಬರೆಯಲು ಬಾರದವಳು. 2019ರಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟಾಗ ತೆಲುಗಿನ ಬಗ್ಗೆ ದೊಡ್ಡ ಚರ್ಚೆಯಾಯಿತು. ಗಡಿಯ ಕನ್ನಡ ಶಾಲೆಗಳು ಆ ಚರ್ಚೆಯ ಅಂಚಿನಲ್ಲೂ ಇರಲಿಲ್ಲ.

ಗಡಿ ನಿಜವಾಗಿ ಕಚ್ಚುವುದು ಭಾಷೆಯಲ್ಲಲ್ಲ, ಪ್ರಮಾಣಪತ್ರದಲ್ಲಿ. ಹೊರಗಿನವರು ಹೆಚ್ಚಾಗಿ ಗಮನಿಸದ ಸಂಗತಿ ಇದು, ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಸೀಮೆಯಲ್ಲಿ ನಾಯಕ ಸಮುದಾಯ ದೊಡ್ಡದು. ಆಂಧ್ರದ ಕಡೆ ಅದೇ ಜನರನ್ನು ಬೋಯ ಅಥವಾ ವಾಲ್ಮೀಕಿ ಎನ್ನುತ್ತಾರೆ. ಮನೆದೇವರು, ಬೆಡಗು, ನಂಟಸ್ತಿಕೆ ಎಲ್ಲವೂ ಗಡಿ ದಾಟಿ ಹೆಣೆದುಕೊಂಡಿವೆ. ಕರ್ನಾಟಕದಲ್ಲಿ ನಾಯಕರು 1991ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆಂಧ್ರದಲ್ಲಿ ವಾಲ್ಮೀಕಿಗಳು ಗಿರಿಜನ ಏಜೆನ್ಸಿ ಪ್ರದೇಶಗಳಲ್ಲಿ ಮಾತ್ರ ಪರಿಶಿಷ್ಟ ಪಂಗಡ. ರಾಯಲಸೀಮೆಯ ಬಯಲಿನ ಬೋಯರು ಹಿಂದುಳಿದ ವರ್ಗ. ಅಂದರೆ ಅಣ್ಣತಮ್ಮಂದಿರ ಮಕ್ಕಳಲ್ಲೇ ಗಡಿಯ ಈಚೆ ಹುಟ್ಟಿದವನಿಗೆ ಸಿಗುವ ಮೀಸಲಾತಿ ಆಚೆ ಹುಟ್ಟಿದವನಿಗೆ ಇಲ್ಲ.

ಹಾಗಾದರೆ ಆಚೆಯವನು ಈಚೆ ಬಂದು ನೆಲೆಸಿದರಾಯಿತಲ್ಲ ಎಂದರೆ ಅದೂ ಆಗುವುದಿಲ್ಲ. ಒಂದು ರಾಜ್ಯದ ಪಟ್ಟಿಯಲ್ಲಿರುವ ಸ್ಥಾನಮಾನವನ್ನು ವಲಸೆ ಹೋದವನು ಇನ್ನೊಂದು ರಾಜ್ಯಕ್ಕೆ ಹೊತ್ತೊಯ್ಯಲಾರ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ವಲಸೆ ಹೋದ ರಾಜ್ಯದ ಪಟ್ಟಿಯಲ್ಲಿ ಅದೇ ಹೆಸರಿನ ಜಾತಿ ಇದ್ದರೂ ಅಷ್ಟೇ. ಮದುವೆಯಿಂದಲೂ ಅದು ಬದಲಾಗುವುದಿಲ್ಲ. ಜಾತಿ ಪ್ರಮಾಣಪತ್ರ ನೋಡುವುದು ಹುಟ್ಟಿದ ಮನೆಯನ್ನು. ಪಾವಗಡದ ತಾಲ್ಲೂಕು ಕಚೇರಿಯ ಮುಂದೆ ಸೊಸೆಯ ದಾಖಲೆ ಹಿಡಿದು ನಿಂತ ಅತ್ತೆಗೆ ಈ ಕಾನೂನು ಅರ್ಥ ಮಾಡಿಸುವುದು ಸುಲಭವಲ್ಲ. ಕೂಗಿದರೆ ಕೇಳುವಷ್ಟು ದೂರದ ಊರಿನಿಂದ, ತಮ್ಮದೇ ಕುಲದಿಂದ ತಂದ ಹೆಣ್ಣು ಕಾಗದದ ಮೇಲೆ ಬೇರೆ ಗುಂಪಿನವಳು ಎಂದರೆ ಆ ಅತ್ತೆ ಹೇಗೆ ನಂಬಿಯಾಳು? ಭೂಮಿ ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ ಇರುವ ಒಕ್ಕಲಿಗನ ಕಥೆಯೂ ಇದೇ ಜಾಡಿನದು: ಪಹಣಿ ಒಂದು ಲಿಪಿಯಲ್ಲಿ, ರೇಷನ್ ಕಾರ್ಡ್ ಇನ್ನೊಂದರಲ್ಲಿ, ಬೆಳೆವಿಮೆ ಕೇಳಲು ಹೋದರೆ ಎರಡು ಕಡೆಯೂ ಅನುಮಾನದ ನೋಟ.

ಹಾಗೆಂದು ಗಡಿ ಬರೀ ನಷ್ಟ ಎನ್ನಲಾಗದು. ಎರಡು ಸರ್ಕಾರಗಳ ನಡುವೆ ಬದುಕುವವರಿಗೆ ಎರಡು ದರಪಟ್ಟಿಗಳೂ ಬಾಯಿಪಾಠವಾಗಿರುತ್ತವೆ. ವರ್ಷಗಳಿಂದ ಆಂಧ್ರದಲ್ಲಿ ಪೆಟ್ರೋಲ್ ಮೇಲಿನ ತೆರಿಗೆ ಹೆಚ್ಚು. ಕರ್ನಾಟಕದ ಗಡಿ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಲಾರಿಗಳು ಆಚೆ ಹೋಗುವುದು. ಶೇಂಗಾ, ಹುಣಸೆ, ಕೊಬ್ಬರಿ ಎಲ್ಲಿ ಬೆಲೆ ಹೆಚ್ಚೋ ಅಲ್ಲಿಗೆ ಹೋಗುತ್ತವೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ನೇಯುವ ರೇಷ್ಮೆ ಸೀರೆಗೂ ಆಂಧ್ರದ ಧರ್ಮಾವರದ ರೇಷ್ಮೆ ಪೇಟೆಗೂ ಹಳೆಯ ನಂಟು. ಪಾವಗಡದ ಶನಿಮಹಾತ್ಮನ ಗುಡಿಗೆ ಶ್ರಾವಣದ ಶನಿವಾರಗಳಲ್ಲಿ ಸೇರುವ ಜನರಲ್ಲಿ ಯಾರು ಯಾವ ರಾಜ್ಯದವರು ಎಂದು ವಾಹನಗಳ ನಂಬರ್ ಪ್ಲೇಟ್ ನೋಡಿಯೇ ಹೇಳಬೇಕು. ಗಡಿಯ ಇನ್ನೊಂದು ಮುಖವನ್ನೂ ಈ ತಾಲ್ಲೂಕು ಕಂಡಿದೆ. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ತುಕಡಿ ತಂಗಿದ್ದ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿ ಪೊಲೀಸರನ್ನು ಕೊಂದರು. ಒಂದು ರಾಜ್ಯದ ಪೊಲೀಸರ ವ್ಯಾಪ್ತಿ ಮುಗಿಯುವ ಕಡೆ ಇನ್ನೊಂದರದು ಶುರುವಾಗುವ ಸೀಮೆ ಯಾರಿಗೆಲ್ಲ ಅನುಕೂಲ ಎಂಬುದು ಆಗ ರಾಜಧಾನಿಗಳಿಗೂ ಅರಿವಾಯಿತು.

ಗುರುತಿನ ಪ್ರಶ್ನೆ ಕೇಳಿದರೆ ಇಲ್ಲಿನ ಹಿರಿಯರು ಭಾಷೆಗೂ ಜಾತಿಗೂ ಮೊದಲು ನೀರಿನ ಮಾತೆತ್ತುತ್ತಾರೆ. ಎರಡೂ ಕಡೆ ಒಂದೇ ನೆಲ: ಬೋಳು ಬಂಡೆಗುಡ್ಡಗಳು, ತೆಳುವಾದ ಕೆಂಪುಮಣ್ಣು, ನಂಬಲಾಗದ ಮಳೆ. ನಂದಿಯ ಬಳಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರದ ಹಿಂದೂಪುರಕ್ಕೆ ಹೋಗಿ, ಪಾವಗಡದ ನಾಗಲಮಡಿಕೆಯಲ್ಲಿ ಮತ್ತೆ ಕರ್ನಾಟಕದ ನೆಲ ತಾಕಿ, ಪುನಃ ಆಂಧ್ರದ ಪೇರೂರು ಅಣೆಕಟ್ಟಿನ ಕಡೆ ಇಳಿಯುತ್ತದೆ. ನದಿ ಎನ್ನುವುದು ಹೆಸರಿಗೆ. ವರ್ಷದ ಬಹುಕಾಲ ಕಾಣುವುದು ಮರಳು. ಆ ಮರಳಿನ ಹಾಸಿನಲ್ಲೂ ಹಳ್ಳಗಳ ಬದಿಯಲ್ಲೂ ಹಿಂದೆ ತಲಪರಿಗೆಗಳಿದ್ದವು. ಕೆಲವೇ ಅಡಿ ಅಗೆದರೆ ಊಟೆ ಸಿಗುವ ಜಾಗವನ್ನು ಗುರುತಿಸಿ, ಕಾಲುವೆ ತೋಡಿ, ಜಿನುಗುವ ನೀರನ್ನು ಬಾವಿಯಂಥ ಗುಂಡಿಗೋ ನೇರವಾಗಿ ಗದ್ದೆಗೋ ಹರಿಸುವ ವ್ಯವಸ್ಥೆ ಅದು. ಬೇಸಿಗೆಯಲ್ಲಿ ಊರವರೆಲ್ಲ ಸೇರಿ ಹೂಳು ಎತ್ತಬೇಕು; ಎತ್ತಲು ಬಾರದವನಿಗೆ ನೀರಿನ ಪಾಳಿ ಇಲ್ಲ. ಪಾವಗಡ, ಮಧುಗಿರಿ, ಕೊರಟಗೆರೆಯ ಕೃಷಿ ದೀರ್ಘಕಾಲ ನಿಂತದ್ದು ಇದರ ಮೇಲೆ. ಪಂಪು ಬೇಡ, ಕರೆಂಟು ಬೇಡ.

ಬೋರ್‌ವೆಲ್ ಬಂದು ನೀರಿನ ಮಟ್ಟ ಕೆಳಗಿಳಿದಂತೆ ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಆಳದ ಬಂಡೆಯೊಳಗಿನ ನೀರು ಕಾಲಾಂತರದಲ್ಲಿ ಖನಿಜ ಕರಗಿಸಿಕೊಂಡ ನೀರು. ಅದರಲ್ಲಿ ಫ್ಲೋರೈಡ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ಪಾವಗಡದ ಎಷ್ಟೋ ಹಳ್ಳಿಗಳು ಆ ಮಿತಿಯನ್ನು ಮೀರಿದ ನೀರನ್ನೇ ಕುಡಿದು ಬೆಳೆದವು. ಕಂದು ಗೆರೆ ಬಿದ್ದ ಹಲ್ಲು, ಬಾಗಿದ ಕಾಲು, ನಲವತ್ತಕ್ಕೇ ಸೆಟೆದ ಬೆನ್ನು ಈ ಸೀಮೆಯವರಿಗೆ ಯಾವ ರಾಜ್ಯದ ಗುರುತಿನ ಚೀಟಿಗಿಂತಲೂ ಖಚಿತವಾದ ಗುರುತಾದವು.

ನದಿಯಿಂದ ನೀರು ತರಲು ಹೊರಟರೆ ಅಲ್ಲಿಯೂ ಹಳೆಯ ಗೆರೆ ಅಡ್ಡ ನಿಲ್ಲುತ್ತದೆ. ಪಿನಾಕಿನಿಯೂ ಸೇರಿದಂತೆ ತನ್ನ ನದಿಗಳ ಮೇಲೆ ಮೈಸೂರು ಹೊಸ ಕೆರೆಕಟ್ಟೆ ಕಟ್ಟುವ ಮುನ್ನ ಮದರಾಸಿನ ಒಪ್ಪಿಗೆ ಪಡೆಯಬೇಕೆಂದು 1892ರ ಒಪ್ಪಂದ ವಿಧಿಸಿತು. ಕಾವೇರಿಯ ಜಗಳದಿಂದಾಗಿ ಆ ಒಪ್ಪಂದದ ಹೆಸರು ನಮಗೆ ಪರಿಚಿತ. ಪಿನಾಕಿನಿಯ ಬದಿಯವರನ್ನೂ ಅದು ಕಟ್ಟಿಹಾಕಿತ್ತು ಎಂಬುದು ಅಷ್ಟು ಪರಿಚಿತವಲ್ಲ. ಈಗ ಎರಡೂ ಕಡೆಯವರು ದೂರದ ನೀರಿಗೆ ಕೈಚಾಚಿದ್ದಾರೆ. ಹಂದ್ರಿ-ನೀವಾ ಯೋಜನೆಯ ಮಡಕಶಿರಾ ಶಾಖಾ ಕಾಲುವೆ ಶ್ರೀಶೈಲದ ಕೃಷ್ಣೆಯನ್ನು ಆಚೆಗೆ ತರಲು ಕಟ್ಟಿದ್ದು. ಈಚೆ ಪಾವಗಡಕ್ಕೆ ಕುಡಿಯುವ ನೀರು ತುಂಗಭದ್ರೆಯ ಹಿನ್ನೀರಿನಿಂದ ಪೈಪಿನಲ್ಲಿ ತರುವ ಯೋಜನೆ. ಅಕ್ಕಪಕ್ಕದ ಹೊಲಗಳ ಬಾಯಾರಿಕೆಗೆ ಎರಡು ಬೇರೆ ನದಿಗಳು, ಎರಡೂ ಕಣ್ಣಿಗೆ ಕಾಣದಷ್ಟು ದೂರ.

ಮಳೆಯಿಲ್ಲದ ಆಕಾಶ ಒಂದು ವ್ಯಾಪಾರವನ್ನೂ ತಂದಿತು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬಂತು. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇಲ್ಲಿನ ವಿಶೇಷ: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಸಾಲ ಹೊತ್ತವರಿಗೆ ಇದು ಸಣ್ಣ ಮೊತ್ತವಲ್ಲ. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರಿಗೆ, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಪೆನುಕೊಂಡ, ಹಿಂದೂಪುರ, ಬೆಂಗಳೂರಿನ ಕಡೆ ಕೆಲಸ ಹುಡುಕಿ ಹೋಗುವ ಬಸ್ಸುಗಳಲ್ಲಿ ಅವರಿದ್ದಾರೆ.

ಬಸ್ಸು ಎಂದಾಗ ರೈಲಿನ ವಿಷಯವನ್ನೂ ಹೇಳಬೇಕು. ರಾಯದುರ್ಗದಿಂದ ತುಮಕೂರಿಗೆ ಸುಮಾರು 207 ಕಿಲೋಮೀಟರ್‌ನ ಹೊಸ ಮಾರ್ಗ 2007-08ರಲ್ಲಿ ಮಂಜೂರಾಯಿತು. ಮಾರ್ಗ ಆಂಧ್ರದ ರಾಯದುರ್ಗ, ಕಲ್ಯಾಣದುರ್ಗದಿಂದ ಕರ್ನಾಟಕದ ಪಾವಗಡಕ್ಕೆ ಬಂದು, ಮತ್ತೆ ಆಂಧ್ರದ ಮಡಕಶಿರಾ ಹೊಕ್ಕು, ಮಧುಗಿರಿ, ಕೊರಟಗೆರೆಯ ಮೂಲಕ ತುಮಕೂರು ಸೇರಬೇಕು. ನೆಲದ ಉಬ್ಬುತಗ್ಗು ನೋಡಿ ಗೆರೆ ಎಳೆದ ರೈಲ್ವೆ ಎಂಜಿನಿಯರಿಗೆ ಈ ಎರಡು ತಾಲ್ಲೂಕುಗಳು ಒಂದೇ ಸಾಲಿನ ನಿಲ್ದಾಣಗಳಾಗಿ ಕಂಡವು. ಭೂಸ್ವಾಧೀನದ ಕಡತಗಳು ಮಾತ್ರ ಎರಡು ರಾಜ್ಯಗಳ ಕಚೇರಿಗಳಲ್ಲಿ ಬೇರೆ ಬೇರೆಯಾಗಿ ನಡೆಯಬೇಕು. ಮಂಜೂರಾತಿಯ ವರ್ಷ ಹುಟ್ಟಿದ ಮಗು ಮತದಾರರ ಪಟ್ಟಿಗೆ ಸೇರುವ ವಯಸ್ಸಿಗೆ ಬರುತ್ತಿದ್ದರೂ ಪಾವಗಡದವರು ಜಿಲ್ಲಾ ಕೇಂದ್ರಕ್ಕೆ ಇನ್ನೂ ಬಸ್ಸನ್ನೇ ನಂಬಿದ್ದಾರೆ.